ಯಾರ ಮಳೆಗೆ ಯಾರ ಹಾಡು?

ಮಳೆಗಾಲಕ್ಕೆಂದೇ ಒಂದಿಷ್ಟು ಹಾಡು ಇರಬೇಕು ಎಂಬುದನ್ನು ಈಗ ಯಾರೂ ಪ್ರಶ್ನಿಸುವುದಿಲ್ಲ. ಜೂನ್ ಬಂತೆಂದರೆ ಎಫ್‌ಎಂನವರು, ಟೀವಿಯವರು, ಮೊಬೈಲ್ ಆ್ಯಪ್‌ನವರು ಎಲ್ಲರೂ ಒಂದೊಂದು ಪಟ್ಟಿ ಮಾಡಿ ಕೊಡುತ್ತಾರೆ. ಭಾಷೆ ಯಾವುದಾದರೂ ಪಟ್ಟಿಯೊಳಗಿನ ಸಾಮಾನು ಒಂದೇ: ಕಿಟಕಿ, ಬಿಸಿ ಕಾಫಿ, ದೂರವಾದ ಪ್ರೇಮಿ, ತಗ್ಗಿಸಿದ ದನಿ. ಈಚಿನ ವರ್ಷಗಳಲ್ಲಿ ಜಪಾನಿನ ಹಾಡುಗಳೂ ಈ ಪಟ್ಟಿ ಸೇರಿವೆ. ಅನಿಮೆ ನೋಡುತ್ತ ಬೆಳೆದ ಹುಡುಗ ಹುಡುಗಿಯರು ಎಪ್ಪತ್ತು, ಎಂಬತ್ತರ ದಶಕದ ಟೋಕಿಯೊ ಹಾಡುಗಳನ್ನು ಹುಡುಕಿ ಹುಡುಕಿ ಕೇಳುತ್ತಾರೆ. ಮಾತು ಅರ್ಥವಾಗುತ್ತದೆಯೇ ಎಂದರೆ, ಮಾತು ಯಾಕೆ ಬೇಕು, ಮಳೆ ಅರ್ಥವಾಗುತ್ತದಲ್ಲ ಎನ್ನುತ್ತಾರೆ. ಚಿಕ್ಕಮಗಳೂರು ಜಿಲ್ಲೆಯ ಹಿರೇನಲ್ಲೂರು, ಬೀರೂರು, ಅಜ್ಜಂಪುರದ ಕಡೆಯಿಂದ ಬೆಂಗಳೂರಿಗೆ ಹೋಗಿ ಪಿ.ಜಿ.ಗಳಲ್ಲಿರುವ ನಮ್ಮ ಮಕ್ಕಳ ಬಾಯಲ್ಲೂ ಇದೇ ಮಾತು.

ಇದಕ್ಕೆ ಹಿರಿಯರ ಉತ್ತರವೂ ಸಿದ್ಧವಾಗಿಯೇ ಇದೆ. ನಮ್ಮ ಜನಪದದಲ್ಲಿ ಮಳೆ ಹಾಡಿಗೆ ಬರವೇ? ಅದನ್ನು ಬಿಟ್ಟು ಎಲ್ಲಿಯದೋ ಜಪಾನಿನ ಹಾಡಿಗೆ ತಲೆದೂಗುವವರು ಬೇರು ಕಡಿದುಕೊಂಡವರು ಎಂದು ಹೇಳಿ ಅವರು ಮಾತು ಮುಗಿಸುತ್ತಾರೆ.

ನನಗೆ ಈ ಎರಡೂ ಮಾತು ಒಪ್ಪಿಗೆಯಿಲ್ಲ. ಮಳೆ ಎಲ್ಲೆಡೆಯೂ ಒಂದೇ ಎಂದು ಮಕ್ಕಳು ನಂಬಿದ್ದಾರೆ. ಕನ್ನಡದ್ದಾದರೆ ಸಾಕು, ಆ ಹಾಡು ನಮ್ಮ ಮಳೆಯದೇ ಎಂದು ಹಿರಿಯರು ನಂಬಿದ್ದಾರೆ. ಯಾವ ಊರಿನ ಮಳೆ ಎಂದು ಇಬ್ಬರೂ ಕೇಳುವುದಿಲ್ಲ. ಮಳೆಯ ಹಾಡನ್ನು ತೂಗುವುದಕ್ಕೆ ಎರಡು ಪ್ರಶ್ನೆ ಸಾಕೆಂದು ನನ್ನ ವಾದ. ಆ ಹಾಡು ಯಾವ ಊರಿನಲ್ಲಿ ನೆನೆದಿದೆ? ಅದು ಯಾರಿಂದ ಏನನ್ನು ಕೇಳುತ್ತಿದೆ? ಈ ಪ್ರಶ್ನೆಗಳನ್ನು ಹಿಡಿದು ಹೊರಟರೆ ಜಪಾನಿನ ಹಾಡೂ ಬೇರೆಯಾಗಿ ಕೇಳಿಸುತ್ತದೆ, ನಮ್ಮದೂ ಬೇರೆಯಾಗಿ ಕೇಳಿಸುತ್ತದೆ.

ಮೊದಲು ಜಪಾನಿಗೇ ಹೋಗೋಣ. ಆ ಹಾಡುಗಳನ್ನು ಬರೀ ‘ಮೂಡ್’ ಎಂದು ಕೇಳುವವರ ಕಿವಿಗೆ ಬೀಳದೆ ಹೋಗುವುದು ಅವುಗಳಲ್ಲಿರುವ ವಿಳಾಸ. 1969ರಲ್ಲಿ ಉಚಿಯಾಮಾದಾ ಹಿರೋಶಿ ಮತ್ತು ಕೂಲ್ ಫೈವ್ ತಂಡಕ್ಕೆ ಹೆಸರು ತಂದ ಹಾಡಿನ ಶೀರ್ಷಿಕೆಯಲ್ಲೇ ನಾಗಸಾಕಿ ಇದೆ. ಅಲ್ಲಿ ಇವತ್ತೂ ಮಳೆಯಿತ್ತು ಎಂಬುದೇ ಶೀರ್ಷಿಕೆ. ನಾಗಸಾಕಿ ನಿಜಕ್ಕೂ ಮಳೆಯ ಊರು, ವರ್ಷಕ್ಕೆ ಸುಮಾರು 1900 ಮಿ.ಮೀ. ಸುರಿಯುತ್ತದೆ. 1971ರ ‘ಅಮೆ ನೊ ಮಿದೊಸುಜಿ’ ಒಸಾಕಾ ನಗರದ ನಡುವೆ ಹಾಯುವ ಒಂದು ದೊಡ್ಡ ಬೀದಿಯ ಮಳೆಯನ್ನು ಹಾಡುತ್ತದೆ. ಅದನ್ನು ಹಾಡಿದ ಓಯಾಂಗ್ ಫೇಫೇ ತೈವಾನಿನವರು. ರಾಗ ಹಾಕಿದ ವೆಂಚರ್ಸ್ ಅಮೆರಿಕದ ಗಿಟಾರ್ ತಂಡ. ಹಾಡಿದ ಕಂಠ ಒಂದು ದೇಶದ್ದು, ರಾಗ ಇನ್ನೊಂದು ದೇಶದ್ದು, ಹಾಡು ಮಾತ್ರ ಒಸಾಕಾದ್ದು. ಬೇರು, ನೆಲ ಎಂದು ಮಾತಾಡುವ ನಮ್ಮ ಹಿರಿಯರು ಈ ಒಂದು ಹಾಡಿನ ಮುಂದೆ ನಿಲ್ಲಬೇಕು. ಹಾಡು ನೆಲದ್ದಾಗುವುದಕ್ಕೆ ಹುಟ್ಟಿನ ಅರ್ಹತೆ ಬೇಕಿಲ್ಲ, ಆ ಬೀದಿಯನ್ನು ಸರಿಯಾಗಿ ನೋಡಿರಬೇಕು ಅಷ್ಟೆ.

ಎರಡನೆಯ ಪ್ರಶ್ನೆಗೆ ಬಂದರೆ ಇನ್ನೂ ಸ್ವಾರಸ್ಯವಿದೆ. 1925ರಲ್ಲಿ ಕವಿ ಕಿತಾಹಾರಾ ಹಾಕುಶೂ ಬರೆದು ನಾಕಾಯಾಮಾ ಶಿಂಪೇ ರಾಗ ಹಾಕಿದ ‘ಅಮೆಫುರಿ’ ಎಂಬ ಮಕ್ಕಳ ಹಾಡು ಜಪಾನಿನ ಮಕ್ಕಳಿಗೆಲ್ಲ ಗೊತ್ತು. ಅಲ್ಲಿ ಮಗು ಮಳೆಯನ್ನು ಕರೆಯುವುದು ಅಮ್ಮ ಛತ್ರಿ ಹಿಡಿದು ಕರೆದೊಯ್ಯಲು ಬರುತ್ತಾಳೆಂಬ ಸಂತೋಷಕ್ಕೆ. 1980ರಲ್ಲಿ ಜಪಾನ್ ರೆಕಾರ್ಡ್ ಪ್ರಶಸ್ತಿ ಪಡೆದ ಯಾಶಿರೊ ಅಕಿಯವರ ‘ಅಮೆ ನೊ ಬೊಜೊ’ ಹಾಡಿನಲ್ಲಿ ಆ ಮಗು ದೊಡ್ಡವಳಾಗಿದ್ದಾಳೆ; ಈಗಲೂ ಮಳೆಯನ್ನು ಕರೆಯುತ್ತಾಳೆ, ಬಿಟ್ಟುಹೋದವನನ್ನು ಕರೆದುಕೊಂಡು ಬಾ ಎಂದು. ಯಾಮಾಶಿತಾ ತಾತ್ಸುರೊ 1983ರಲ್ಲಿ ಹಾಡಿದ ‘ಕ್ರಿಸ್‌ಮಸ್ ಈವ್’ನಲ್ಲಿ ಮಳೆ ಹಿಮವಾಗುವ ರಾತ್ರಿಯಲ್ಲೂ ಬರಬೇಕಾದವರು ಬರುವುದಿಲ್ಲ. ಗಾಯಕ ಆಸ್ಕಾ ಅವರ 1991ರ ಹಾಡಿನಲ್ಲಿ ಪ್ರೇಮಿಯನ್ನು ಕಾಣಹೊರಟಾಗಲೆಲ್ಲ ಮಳೆ. ಇಷ್ಟು ಹಾಡಿನಲ್ಲಿ ಎಲ್ಲಿಯೂ ಮಳೆ ಬರುತ್ತದೋ ಇಲ್ಲವೋ ಎಂಬ ಚಿಂತೆಯಿಲ್ಲ. ಮಳೆ ಬಂದೇ ಬರುತ್ತದೆ. ಬರುತ್ತಾರೋ ಇಲ್ಲವೋ ಎಂದು ತಿಳಿಯದಿರುವುದು ಮನುಷ್ಯರ ವಿಚಾರ.

ಇದರ ಕಾರಣ ಕವಿಹೃದಯದಲ್ಲಿ ಹುಡುಕಬೇಕಿಲ್ಲ, ಹವಾಮಾನದ ಲೆಕ್ಕದಲ್ಲೇ ಸಿಗುತ್ತದೆ. ಟೋಕಿಯೊದಲ್ಲಿ ವರ್ಷಕ್ಕೆ ಸುಮಾರು 1600 ಮಿ.ಮೀ. ಮಳೆ, ಅದೂ ಹನ್ನೆರಡು ತಿಂಗಳಿಗೂ ಹಂಚಿಕೊಂಡು. ಜೂನ್‌ನಿಂದ ಜುಲೈ ನಡುವಿನವರೆಗೆ ‘ತ್ಸುಯು’ ಎಂಬ ಜಿಟಿಜಿಟಿಯ ಕಾಲ. ನಲ್ಲಿಯಲ್ಲಿ ನೀರು, ರೈಲಿಗೆ ಸೂರು, ಬಾಗಿಲ ಬಳಿ ಛತ್ರಿ. ಮಳೆ ಖಾತ್ರಿಯಾದ ಊರಿನಲ್ಲಿ ಜನ ಮನುಷ್ಯರಿಗಾಗಿ ಕಾಯುತ್ತಾರೆ. ಅಲ್ಲಿಯ ಹಾಡೂ ಅದನ್ನೇ ಹಾಡುತ್ತದೆ. ಹಾಗಾಗಿ ಜಪಾನೀ ಮಳೆ ಹಾಡಿನ ವಿಷಾದ ಹುಸಿಯಲ್ಲ. ಅದು ಆ ಊರಿಗೆ ಸಲ್ಲುವ, ಅಳತೆ ತಪ್ಪದ ವಿಷಾದ.

ಆದರೆ ಅದನ್ನು ‘ಜಪಾನಿನ ಮಳೆ’ ಎಂದು ಕರೆದರೆ ಅಲ್ಲಿಗೂ ಅನ್ಯಾಯ. ಶಿಕೋಕು ದ್ವೀಪದ ಕಾಗಾವಾ ಪ್ರಾಂತದಲ್ಲಿ ಮಳೆ ಕಡಿಮೆ, ವರ್ಷಕ್ಕೆ 1100 ಮಿ.ಮೀ. ಆಸುಪಾಸು, ದೊಡ್ಡ ನದಿಗಳಿಲ್ಲ. ಭತ್ತ ಬೆಳೆಯಲು ಅಲ್ಲಿಯ ಜನ ಕಟ್ಟಿಕೊಂಡದ್ದು ಕೆರೆಗಳನ್ನು, ಸಾವಿರಗಟ್ಟಲೆ ಕೆರೆಗಳನ್ನು. ಅವುಗಳಲ್ಲಿ ದೊಡ್ಡದಾದ ಮನ್ನೊ ಕೆರೆಯ ಏರಿ ಒಡೆದಿದ್ದಾಗ ಅದನ್ನು 821ರಲ್ಲಿ ಮತ್ತೆ ಕಟ್ಟಿಸಿದವನು ಬೌದ್ಧ ಗುರು ಕೂಕಾಯ್. ಅದೇ ಮನ್ನೊ ಸೀಮೆಯಲ್ಲಿ ‘ಆಯಾಕೊ ಒದೊರಿ’ ಎಂಬ ಮಳೆ ಬೇಡುವ ಕುಣಿತವಿದೆ. ಕೂಕಾಯ್‌ನೇ ಅದನ್ನು ಆಯಾಕೊ ಎಂಬ ಹೆಂಗಸಿಗೆ ಕಲಿಸಿದನೆಂಬ ಐತಿಹ್ಯ ಇದೆ. 2022ರಲ್ಲಿ ಯುನೆಸ್ಕೊ ತನ್ನ ಪಟ್ಟಿಗೆ ಸೇರಿಸಿದ ಜಪಾನಿನ ಜನಪದ ಕುಣಿತಗಳಲ್ಲಿ ಇದೂ ಒಂದು. ಮಳೆಗಾಗಿ ಕುಣಿಯುವ ಈ ಜಪಾನು ಯಾವ ಮಳೆಗಾಲದ ಪಟ್ಟಿಯಲ್ಲೂ ಇಲ್ಲ. ಪಟ್ಟಿ ಮಾಡುವವರಿಗೆ ಬೇಕಾದ್ದು ಟೋಕಿಯೊ. ಕಾಗಾವಾ ಎಂದರೆ ಜಪಾನಿನ ಕಡೂರು.

ಕಡೂರಿಗೆ ಬರೋಣ. ಹಿರೇನಲ್ಲೂರು ಕಡೂರು ತಾಲ್ಲೂಕಿನ ಒಂದು ಹೋಬಳಿ. ಚಿಕ್ಕಮಗಳೂರು ಜಿಲ್ಲೆ ಎಂದ ಕೂಡಲೇ ಹೊರಗಿನವರ ಕಣ್ಣಿಗೆ ಕಟ್ಟುವ ಕಾಫಿ ತೋಟ, ಮಂಜು, ಜಡಿಮಳೆ ಇಲ್ಲಿಲ್ಲ. ಬಾಬಾಬುಡನ್‌ಗಿರಿ ಸಾಲು ಪಡುವಣದ ಮೋಡವನ್ನು ತಡೆದು ಆಚೆಯೇ ಇಳಿಸಿಕೊಳ್ಳುತ್ತದೆ. ಈಚೆಗೆ ಬರುವುದು ಹೆಚ್ಚಾಗಿ ಗಾಳಿ. ಕಡೂರಿನ ಬಯಲಿಗೆ ವರ್ಷಕ್ಕೆ ಸುಮಾರು 600 ಮಿ.ಮೀ. ಮಳೆ, ಅದೇ ಜಿಲ್ಲೆಯ ಕೊಪ್ಪ, ಶೃಂಗೇರಿಗಳಿಗೆ ಅದರ ಹಲವು ಪಟ್ಟು. ಜುಲೈಯಲ್ಲಿ ಶೃಂಗೇರಿಯವರು ಕೊಡೆ ಮಡಿಸದಿದ್ದರೆ ನಾವು ಮೋಡ ಓಡುವುದನ್ನು ನೋಡುತ್ತಿರುತ್ತೇವೆ. ಇಲ್ಲಿ ಕೈಹಿಡಿಯುವುದು ಮುಂಗಾರಿಗೆ ಮುಂಚಿನ ಗುಡುಗಿನ ಮಳೆ, ಆಮೇಲೆ ಸೆಪ್ಟೆಂಬರ್, ಅಕ್ಟೋಬರಿನ ಮಳೆ. ರಾಗಿ, ಈರುಳ್ಳಿ, ಕಡಲೆಕಾಯಿ, ತೆಂಗು ಎಲ್ಲದರ ಲೆಕ್ಕವೂ ಭರಣಿಯಿಂದ ಚಿತ್ತೆ, ಸ್ವಾತಿಯವರೆಗಿನ ಮಳೆ ನಕ್ಷತ್ರಗಳ ಮೇಲೆ ನಿಂತಿದೆ. ‘ಈ ಸಲ ಆರಿದ್ರೆ ಕೈ ಕೊಡ್ತು’ ಎಂದು ಅಂಗಡಿ ಕಟ್ಟೆಯ ಮೇಲೆ ಯಾರಾದರೂ ಹೇಳಿದರೆ ಕೇಳಿದವರಿಗೆ ಅದು ಹವೆಯ ಮಾತಾಗಿ ಕೇಳುವುದಿಲ್ಲ, ಸಾಲದ ಮಾತಾಗಿ ಕೇಳುತ್ತದೆ.

ಇಂಥ ಊರಿಗೆ ಕನ್ನಡದ ಮಳೆ ಹಾಡೆಂದು ಬಂದದ್ದು ಯಾವುದು? 2006ರ ಡಿಸೆಂಬರ್ ಕೊನೆಯಲ್ಲಿ ಯೋಗರಾಜ ಭಟ್ಟರ ‘ಮುಂಗಾರು ಮಳೆ’ ತೆರೆಗೆ ಬಂತು. ಮನೋಮೂರ್ತಿಯವರ ಸಂಗೀತ, ಜಯಂತ ಕಾಯ್ಕಿಣಿ ಮತ್ತಿತರರ ಹಾಡುಗಳು, ಸಕಲೇಶಪುರ, ಮಡಿಕೇರಿ, ಜೋಗದ ಕಡೆಯ ಹಸುರು. ಚಿತ್ರ ಒಂದು ವರ್ಷಕ್ಕೂ ಮೀರಿ ಓಡಿತು. ಆ ಹಾಡುಗಳ ಗುಣದ ಬಗ್ಗೆ ನನಗೆ ತಕರಾರಿಲ್ಲ. ಬಿಡದೆ ಸುರಿಯುವ ಊರಿನಲ್ಲಿ ಮಳೆಯೇ ಪ್ರೇಮದ ಸಾಕ್ಷಿಯಾಗುವುದು ಸಹಜ, ಕಾಯ್ಕಿಣಿಯವರ ಕರಾವಳಿಯ ಮಳೆಗೂ ಅದು ಸಹಜ. ನನ್ನ ತಕರಾರು ಆ ಗೆಲುವಿನ ನಂತರ ಆದದ್ದರ ಬಗ್ಗೆ. ಮಲೆನಾಡಿನ ಮಳೆ ರಾಜ್ಯದ ಮಳೆಯಾಗಿಬಿಟ್ಟಿತು. ಆಮೇಲೆ ಬಂದ ಹಾಡುಗಳಲ್ಲಿ ನಾಯಕ ನಾಯಕಿ ಎಲ್ಲಿಯವರಾದರೂ ನೆನೆಯುವುದು ಮಾತ್ರ ಪಶ್ಚಿಮಘಟ್ಟದಲ್ಲಿ. ಕಡೂರು, ಹೊಸದುರ್ಗ, ಜಗಳೂರು, ಪಾವಗಡದ ಪ್ರೇಕ್ಷಕ ತನಗೆ ಬರದ ಮಳೆಯನ್ನು ತನ್ನ ಮಳೆಯೆಂದು ನೋಡಿ ಶಿಳ್ಳೆ ಹೊಡೆದ. ಜಪಾನೀ ಹಾಡಿನಲ್ಲಿ ಊರಿನ ಹೆಸರಿದೆ, ನಮ್ಮ ಸಿನಿಮಾದ ಮಳೆಯಲ್ಲಿ ಊರಿನ ಹೆಸರಿಲ್ಲ. ಹೆಸರಿಲ್ಲದ್ದರಿಂದಲೇ ಅದು ಎಲ್ಲರದೆಂಬ ಭ್ರಮೆ ಹುಟ್ಟಿತು. ಹಾಗಿದ್ದ ಮೇಲೆ ಹಿರೇನಲ್ಲೂರಿನ ಹುಡುಗನಿಗೆ ಸಕಲೇಶಪುರದ ಮಳೆಗಿಂತ ಒಸಾಕಾದ ಮಳೆ ಹೇಗೆ ಹೆಚ್ಚು ಪರಕೀಯ? ಹಿರಿಯರು ಉತ್ತರ ಹೇಳಬೇಕು.

ಅವರು ಹೇಳುವ ಉತ್ತರ ಗೊತ್ತು: ನಮ್ಮ ಜನಪದ ಇದೆಯಲ್ಲ, ‘ಮಾಯದಂಥ ಮಳೆ’ ಇದೆಯಲ್ಲ! ಹೌದು, ಇದೆ. ಮದಗದ ಕೆರೆಗೆ ಬಂದ ಮಳೆಯ ಆ ಹಾಡು ಕನ್ನಡ ಬಲ್ಲವರಿಗೆಲ್ಲ ಗೊತ್ತು. ಮದಗದ ಕೆರೆ ನಮ್ಮದೇ ತಾಲ್ಲೂಕಿನದು, ಎಮ್ಮೆದೊಡ್ಡಿಯ ಕಡೆ ಗಿರಿಸಾಲಿನ ಬುಡದಲ್ಲಿದೆ. ಹಾಡು ಅದರದೇ ಎಂದು ನಾವು ಹೇಳುತ್ತೇವೆ. ಹಾವೇರಿ ಜಿಲ್ಲೆಯ ಮದಗ ಮಾಸೂರು ಕೆರೆಯವರು ತಮ್ಮದೆನ್ನುತ್ತಾರೆ. ಆ ವ್ಯಾಜ್ಯ ಇಲ್ಲಿ ಬಗೆಹರಿಯಬೇಕಿಲ್ಲ. ಹಾಡು ಯಾರದಾದರೂ ಅದನ್ನು ನಾವು ಕೇಳುತ್ತಿರುವ ರೀತಿಯೇ ತಪ್ಪು ಎಂಬುದು ನನ್ನ ಆಕ್ಷೇಪ.

ಶಾಲೆಯ ವಾರ್ಷಿಕೋತ್ಸವದಲ್ಲಿ ಮಕ್ಕಳು ಇಳಕಲ್ ಸೀರೆ, ಕಚ್ಚೆಪಂಚೆ ಉಟ್ಟು ಈ ಹಾಡಿಗೆ ನಗುನಗುತ್ತ ಕುಣಿಯುತ್ತಾರೆ. ಸುಗಮ ಸಂಗೀತದ ವೇದಿಕೆಯಲ್ಲಿ ತಬಲ, ಕೀಬೋರ್ಡು ಸೇರಿಸಿ ಓಡುನಡೆಯಲ್ಲಿ ಹಾಡುತ್ತಾರೆ, ಸಭಿಕರು ಚಪ್ಪಾಳೆಯ ತಾಳ ಹಾಕುತ್ತಾರೆ. ಮಳೆ ಬಂದ ಸಂಭ್ರಮದ ಹಾಡೆಂದೇ ಎಲ್ಲರ ತಿಳಿವಳಿಕೆ. ಆದರೆ ಮೊದಲ ಒಂದೆರಡು ನುಡಿ ದಾಟಿ ಮುಂದೆ ಹೋಗಿ. ಅಂಗೈಯಷ್ಟೇ ಅಗಲದ ಮೋಡ, ಭೂಮಿಯಷ್ಟು ತೂಕದ ಗಾಳಿ, ಗುಡುಗು. ಕೆರೆ ತುಂಬುತ್ತದೆ, ಏರಿ ತಡೆಯಲಾರದ ಸ್ಥಿತಿ. ಊರಿನ ದೊರೆಗೆ ಸುದ್ದಿ ಹೋಗುತ್ತದೆ. ಪಾಠದಿಂದ ಪಾಠಕ್ಕೆ ವಿವರ ಬದಲಾಗುತ್ತದೆ, ನಾನು ಕೇಳಿರುವ ಪಾಠದಲ್ಲಿ ಸಾವಿರಾರು ಒಡ್ಡರು ಬರುತ್ತಾರೆ, ಸಾವಿರಾರು ಗುದ್ದಲಿ ಬರುತ್ತವೆ, ಏರಿಗೆ ಮಣ್ಣು ಬೀಳುತ್ತದೆ, ಗಂಗಮ್ಮ ನಿಲ್ಲುವುದಿಲ್ಲ. ಸಾವಿರಾರು ಕುರಿ ಬಲಿಯಾಗುತ್ತವೆ, ಗಂಗಮ್ಮ ನಿಲ್ಲುವುದಿಲ್ಲ. ಕೊನೆಗೆ ಬಂಡಿ ತುಂಬ ವೀಳ್ಯ, ಅಡಿಕೆ, ಚಿಗಳಿ, ತಂಬಿಟ್ಟು ತಂದು ಅವಳಿಗೊಂದು ನೆಲೆ ಮಾಡಿಕೊಟ್ಟಾಗ ನಿಲ್ಲುತ್ತಾಳೆ. ಇದು ಸಂಭ್ರಮದ ಹಾಡೇ? ಏರಿ ಒಡೆಯುವ ರಾತ್ರಿಯ ವರದಿ ಇದು. ಒಡೆದರೆ ಕೆಳಗಿನ ಊರು, ಗದ್ದೆ, ದನಕರು ಹೋಗುತ್ತವೆಂದು ಬಲ್ಲವರು ಕಟ್ಟಿದ್ದು.

ಈ ಹಾಡಿನಲ್ಲಿ ನನ್ನನ್ನು ಹಿಡಿದು ನಿಲ್ಲಿಸುವುದು ಆ ಮೋಡದ ಅಳತೆ. ಅಷ್ಟು ಸಣ್ಣ ಮೋಡಕ್ಕೆ ಕೆರೆ ಒಡೆಯುವಷ್ಟು ನೀರು ಬರುವುದು ಹೇಗೆ? ಕವಿಯ ಉತ್ಪ್ರೇಕ್ಷೆ ಎಂದು ಬಿಡಬಹುದು. ಮದಗದ ಕೆರೆಯ ನಕ್ಷೆ ನೋಡಿದವರು ಬಿಡಲಾರರು. ಕೆರೆಯ ಈಚೆ ಕಡೂರಿನ ಒಣ ಬಯಲು, ಆಚೆ 1900 ಮೀಟರಿಗೂ ಮೀರಿದ ಶಿಖರವಿರುವ ಗಿರಿಸಾಲು. ಮಳೆ ಸುರಿಯುವುದು ಅಲ್ಲಿ, ನೀರು ನುಗ್ಗುವುದು ಇಲ್ಲಿ. ಏರಿಯ ಮೇಲೆ ನಿಂತವನಿಗೆ ಗಿರಿಯ ನೆತ್ತಿಯಲ್ಲಿ ಒಂದು ಚೂರು ಮೋಡ ಕಾಣುತ್ತದೆ, ತಲೆಯ ಮೇಲೆ ಹನಿ ಬೀಳದಿದ್ದರೂ ಹಳ್ಳ ಕೆಂಪಗೆ ಬರುತ್ತದೆ. ತನಗೆ ಬರದ ಮಳೆಯ ನೆರೆಯನ್ನು ತಾನು ತಡೆಯಬೇಕಾದ ಸೀಮೆಯ ಅನುಭವ ಅದು. ನನ್ನ ಈ ಓದು ಸರಿಯಾದರೆ, ಕನ್ನಡದ ಅತಿ ಜನಪ್ರಿಯ ಮಳೆ ಹಾಡು ಮಳೆನೆರಳಿನ ಸೀಮೆಯ ಹಾಡು. ಅದರಲ್ಲಿ ನೆನೆಯುವ ಸುಖದ ಸುಳಿವಿಲ್ಲ, ನೀರನ್ನು ಹಿಡಿದಿಡುವ ಕಷ್ಟವಿದೆ. ಇದೇ ಗಿರಿಯ ಮೂಡಲ ಮಗ್ಗುಲಿನಿಂದ ಇಳಿದ ವೇದಾ, ಅವತಿ ಹಳ್ಳಗಳು ಕೂಡಿ ವೇದಾವತಿಯಾಗಿ ಹಿರಿಯೂರಿನ ವಾಣಿವಿಲಾಸ ಸಾಗರ ಸೇರುತ್ತವೆ. ಆ ಜಲಾಶಯ 1933ರ ನಂತರ ಮತ್ತೆ ಕೋಡಿ ಬಿದ್ದದ್ದು 2022ರ ಸೆಪ್ಟೆಂಬರಿನಲ್ಲಿ. ಅಷ್ಟು ದೀರ್ಘಕಾಲ ಕಾದ ಜನಕ್ಕೆ ಕೋಡಿ ನೀರು ಬಂದಾಗ ಬಾಗಿನದ ತಟ್ಟೆಯೂ ಬೇಕಾಯಿತು, ಮರಳಿನ ಮೂಟೆಯೂ ಬೇಕಾಯಿತು. ಮದಗದ ಹಾಡು ಹೇಳುವುದು ಈ ಎರಡನ್ನೂ. ನಾವು ಬಾಗಿನದ ಭಾಗವನ್ನು ಇಟ್ಟುಕೊಂಡು ಗುದ್ದಲಿಯ ಭಾಗವನ್ನು ಬಿಟ್ಟಿದ್ದೇವೆ. ಬಿಟ್ಟ ಭಾಗದಲ್ಲೇ ಏರಿ ಉಳಿಸಿದ ಒಡ್ಡರಿದ್ದಾರೆ ಎಂಬುದನ್ನೂ ಮರೆತಿದ್ದೇವೆ.

ಹಾಗೆ ನೋಡಿದರೆ ಈ ಸೀಮೆಯ ಮಳೆ ಹಾಡುಗಳೆಲ್ಲ ಅರ್ಜಿಗಳೇ. ಮಳೆ ಹೋದಾಗ ಮಕ್ಕಳು ಮಣ್ಣಿನ ಮಳೆರಾಯನನ್ನು ಹಲಗೆಯ ಮೇಲಿಟ್ಟು ತಲೆಯ ಮೇಲೆ ಹೊತ್ತು ಮನೆಮನೆಗೆ ಹೋಗುತ್ತಿದ್ದರು. ಮನೆಯವರು ಕೊಡದಲ್ಲಿ ನೀರು ಹುಯ್ದು, ಹಿಟ್ಟು ಕಾಳು ಕೊಡುತ್ತಿದ್ದರು. ಆ ಹಾಡು ನೇರವಾಗಿ ಮಳೆರಾಯನಿಗೆ: ಇಂಥದಕ್ಕೆ ನೀರಿಲ್ಲ, ಬಾ. ಅಷ್ಟಕ್ಕೂ ಬಾರದಿದ್ದರೆ ಕುಮಾರವ್ಯಾಸನ ಭಾರತದ ವಿರಾಟಪರ್ವ ಓದಿಸುವುದು ಕರ್ನಾಟಕದ ಹಳ್ಳಿಗಳ ಹಳೆಯ ವಾಡಿಕೆ. ಅದರ ಹಿಂದಿನ ಕಥೆ ಸೊಗಸಾದದ್ದು. ಅಜ್ಞಾತವಾಸದ ಪಾಂಡವರನ್ನು ಹುಡುಕುವುದು ಹೇಗೆಂದು ಕೌರವರು ತಲೆ ಕೆಡಿಸಿಕೊಂಡಾಗ, ಧರ್ಮರಾಯನಿರುವ ನಾಡಿನಲ್ಲಿ ಕಾಲಕಾಲಕ್ಕೆ ಮಳೆ ಬೆಳೆ ಇರುತ್ತದೆ, ಅದನ್ನು ನೋಡಿ ಪತ್ತೆ ಹಚ್ಚಿ ಎನ್ನುತ್ತಾನೆ ಭೀಷ್ಮ. ಮಳೆ ಬಂದರೆ ಅಲ್ಲಿ ನ್ಯಾಯವಂತ ಇದ್ದಾನೆಂದು ಅರ್ಥ. ಬರದಿದ್ದರೆ? ಆ ಪ್ರಶ್ನೆಯನ್ನು ಹಳ್ಳಿಯವರು ಬಾಯಿಬಿಟ್ಟು ಕೇಳುವುದಿಲ್ಲ, ವಿರಾಟಪರ್ವ ಓದಿಸಿ ಸುಮ್ಮನಾಗುತ್ತಾರೆ.

ಜಿಲ್ಲೆಯ ಆ ತುದಿಗೆ, ಶೃಂಗೇರಿ ಬಳಿಯ ಕಿಗ್ಗದಲ್ಲಿ, ಋಷ್ಯಶೃಂಗೇಶ್ವರ ದೇವಸ್ಥಾನವಿದೆ. ಅಂಗದೇಶಕ್ಕೆ ಬರ ಬಂದಾಗ ರೋಮಪಾದ ರಾಜ ಋಷ್ಯಶೃಂಗನನ್ನು ಕರೆತರಿಸಿದ, ಅವನು ಕಾಲಿಟ್ಟ ಕೂಡಲೇ ಮಳೆ ಸುರಿಯಿತು ಎಂಬುದು ಪುರಾಣ. ಈಗ ಜಪಾನಿನ ಹಾಡನ್ನು ಇದರ ಪಕ್ಕಕ್ಕಿಡಿ. ಯಾಶಿರೊ ಅಕಿ ಹಾಡುವುದು, ಮಳೆಯೇ ಬಂದು ಅವನನ್ನು ಕರೆತಾ ಎಂದು. ಇಲ್ಲಿ ಅದು ತಿರುವುಮುರುವು: ಅವನನ್ನು ಕರೆತನ್ನಿ, ಮಳೆ ಬರಲಿ. ಒಂದು ಕಡೆ ಮಳೆ ದೂತ, ಮನುಷ್ಯ ಫಲ. ಇನ್ನೊಂದು ಕಡೆ ಮನುಷ್ಯ ದೂತ, ಮಳೆ ಫಲ. ಇಷ್ಟು ದೊಡ್ಡ ವ್ಯತ್ಯಾಸವನ್ನು ‘ಮಳೆಗಾಲದ ಮೂಡ್’ ಎಂಬ ಒಂದೇ ಚೀಲಕ್ಕೆ ತುಂಬಲಾಗುವುದಿಲ್ಲ.

ಕಿಗ್ಗಕ್ಕೆ ಜನ ಮಳೆ ಬೇಡಲು ಮಾತ್ರ ಹೋಗುವುದಿಲ್ಲ, ಮಳೆ ಸಾಕೆಂದು ಬೇಡಲೂ ಹೋಗುತ್ತಾರೆ. ಜಪಾನಿನಲ್ಲೂ ಸಾಕೆನ್ನುವ ಹಾಡಿದೆ: 1921ರ ‘ತೆರುತೆರು ಬೋಜು’. ನಾಳೆ ಬಿಸಿಲು ಬರಲೆಂದು ಮಕ್ಕಳು ಸೂರಿಗೆ ಬಟ್ಟೆಯ ಗೊಂಬೆ ಕಟ್ಟಿ ಹಾಡುತ್ತಾರೆ. ಮಾತು ನಡೆಸಿಕೊಡದಿದ್ದರೆ ಗೊಂಬೆಯ ತಲೆ ಕತ್ತರಿಸುವ ಬೆದರಿಕೆಯೂ ಅದರ ಕೊನೆಯಲ್ಲಿದೆ. ಈ ವಿಚಾರದಲ್ಲಿ 2019 ನೆನಪಿಡಬೇಕಾದ ವರ್ಷ. ಜೂನಿನಲ್ಲಿ ಮಳೆ ಬರಲೆಂದು ಮುಜರಾಯಿ ದೇವಸ್ಥಾನಗಳಲ್ಲಿ ಪರ್ಜನ್ಯ ಜಪ, ಹೋಮ ನಡೆಸಲು ಸರ್ಕಾರವೇ ಸೂಚಿಸಿತ್ತು. ಆಗಸ್ಟಿನಲ್ಲಿ ಇದೇ ಜಿಲ್ಲೆಯ ಮೂಡಿಗೆರೆ ಕಡೆ ಗುಡ್ಡ ಕುಸಿದು ಮನೆ, ತೋಟ ಕೊಚ್ಚಿಹೋದವು. ಅಕ್ಟೋಬರಿನಲ್ಲಿ, ಇಲ್ಲಿಯ ಅಭಿಮಾನಿಗಳು ಸಹಿ ಸಂಗ್ರಹಿಸಿ ಒತ್ತಾಯಿಸಿದ್ದರಿಂದ, ಶಿಂಕಾಯ್ ಮಕೊತೊ ಅವರ ‘ವೆದರಿಂಗ್ ವಿತ್ ಯೂ’ ಭಾರತದ ಚಿತ್ರಮಂದಿರಗಳಿಗೆ ಬಂತು. ನಿಲ್ಲದ ಮಳೆಯಲ್ಲಿ ಮುಳುಗುತ್ತಿರುವ ಟೋಕಿಯೊ. ಪ್ರಾರ್ಥಿಸಿ ಬಿಸಿಲು ತರಿಸಬಲ್ಲ ಹುಡುಗಿ. ಅವಳು ಬಲಿಯಾದರೆ ಊರು ಉಳಿಯುತ್ತದೆ ಎಂಬ ಸ್ಥಿತಿ. ನಾಯಕ ಊರು ಮುಳುಗಿದರೂ ಸರಿ ಎಂದು ಹುಡುಗಿಯನ್ನು ಆರಿಸಿಕೊಳ್ಳುತ್ತಾನೆ. ‘ಕೆರೆಗೆ ಹಾರ’ದ ಭಾಗೀರಥಿಯ ಕಥೆ ಕೇಳಿ ಬೆಳೆದ ಕನ್ನಡದ ಪ್ರೇಕ್ಷಕನಿಗೆ ಆ ಚಿತ್ರ ಬರೀ ಪ್ರೇಮಕಥೆಯಾಗಿ ಕಾಣಬಾರದಿತ್ತು. ಊರಿನ ನೀರಿಗೆ ಹೆಣ್ಣನ್ನು ಕೊಡಬೇಕೇ ಎಂಬುದು ನಮ್ಮಲ್ಲಿ ಎಂದಿನಿಂದಲೋ ಇರುವ ಪ್ರಶ್ನೆ. ನಮ್ಮ ಹಾಡು ಭಾಗೀರಥಿಯನ್ನು ಕೊಟ್ಟು ಅತ್ತಿತು, ಆ ಚಿತ್ರ ಕೊಡುವುದಿಲ್ಲ ಎಂದಿತು. ಈ ಜಗಳಕ್ಕೆ ಇಲ್ಲಿ ಕಾವು ಇರಬೇಕಿತ್ತು. ನಮ್ಮವರು ಹಾಡುಗಳನ್ನಷ್ಟೇ ಇಳಿಸಿಕೊಂಡರು.

ನನ್ನ ವಾದಕ್ಕೆ ಎದುರಾಗಿ ಹೇಳಬಹುದಾದ ಮಾತೂ ಇದೆ. ಹಾಡು ಕೃಷಿ ಇಲಾಖೆಯ ವರದಿಯೇ? ಕೇಳಿದರೆ ಹಿತವಾಗಬೇಕು, ಅಷ್ಟು ಸಾಲದೇ? ಹಿತ ಬೇಡವೆಂದು ನಾನು ಹೇಳುತ್ತಿಲ್ಲ. ಹಿತ ಎಲ್ಲಿಂದ ಬರುತ್ತದೆ ಎಂದು ಕೇಳುತ್ತಿದ್ದೇನೆ. ಬೆಂಗಳೂರಿನ ಪಿ.ಜಿ.ಯಲ್ಲಿರುವ ಹಿರೇನಲ್ಲೂರಿನ ಹುಡುಗನಿಗೆ ಅಲ್ಲಿ ಮಳೆಯೆಂದರೆ ಸಿಲ್ಕ್‌ಬೋರ್ಡಿನಲ್ಲಿ ನಿಂತ ಬಸ್ಸು, ನೆಂದ ಶೂ, ಸಿಗದ ಆಟೊ, ಊರಿನಿಂದ ಬರದ ಫೋನು. ಆ ಹೊತ್ತಿಗೆ ಮಿದೊಸುಜಿಯ ಮಳೆ ಅವನಿಗೆ ಮಾಯದಂಥ ಮಳೆಗಿಂತ ಹತ್ತಿರದ್ದು. ನಗರದಲ್ಲಿ ಒಂಟಿಯಾಗಿ ನೆನೆಯುವವರ ಹಾಡು ಅದು; ಅವನೂ ನಗರದಲ್ಲಿ ಒಂಟಿಯಾಗಿ ನೆನೆಯುತ್ತಿದ್ದಾನೆ. ಅವನ ಕಿವಿ ಸರಿಯಾಗಿಯೇ ಇದೆ. ಹಿರಿಯರ ಬೈಗುಳ ಅವನಿಗೆ ತಗುಲುವುದಿಲ್ಲ. ಅವನು ತಪ್ಪುವುದು ಶನಿವಾರ ಬಸ್ಸು ಹತ್ತಿ ಊರಿಗೆ ಬಂದು, ಅಪ್ಪ ಮೋಡ ನೋಡುತ್ತ ಕೂತಿರುವಾಗ ಅದೇ ಹಾಡನ್ನು ಇಲ್ಲಿಗೂ ಸಲ್ಲುವ ಮಳೆಯೆಂದು ಹಾಕಿಕೊಂಡಾಗ. ಒಂದೇ ವಾರದಲ್ಲಿ ಎರಡು ಮಳೆಗಳ ನಡುವೆ ಓಡಾಡುವವನಿಗೆ ಎರಡು ಹಾಡು ಬೇಕು. ಇದು ಬರೀ ಅವನ ಸಮಸ್ಯೆಯಲ್ಲ, ಎರಡನೆಯ ಹಾಡನ್ನು ಯಾರೂ ಅವನಿಗೆ ಬರೆದುಕೊಟ್ಟಿಲ್ಲ.

ಇನ್ನೊಂದು ಆಕ್ಷೇಪ ಹೆಚ್ಚು ಗಟ್ಟಿಯಾದದ್ದು. ಈಗ ಮಳೆರಾಯನನ್ನು ಹೊರುವವರು ಯಾರು? ಅಡಿಕೆ ತೋಟಕ್ಕೆ ಕೊಳವೆಬಾವಿ ಇದೆ, ಕೆರೆ ತುಂಬಿಸಲು ಭದ್ರಾ ಮೇಲ್ದಂಡೆ ಯೋಜನೆಯ ನೀರು ಬರಲಿದೆ. ಹಳೆಯ ಹಾಡಿನ ಕಾಲ ಮುಗಿಯಿತಲ್ಲ ಎಂಬುದು ಆ ಆಕ್ಷೇಪ. ಕಾಲ ಮುಗಿದಿರಬಹುದು, ಕಾಯುವುದು ಮುಗಿದಿಲ್ಲ. 2023ರಲ್ಲಿ ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಎಂದು ಘೋಷಿಸಿದಾಗ ಕೊಳವೆಬಾವಿ ಯಾರನ್ನೂ ಪೂರ್ತಿ ಕಾಯಲಿಲ್ಲ. ಅದೇ ವರ್ಷದ ಕೇಂದ್ರ ಬಜೆಟ್ಟಿನಲ್ಲಿ ಮೇಲ್ದಂಡೆಗೆಂದು 5,300 ಕೋಟಿ ರೂಪಾಯಿ ಘೋಷಣೆಯಾಯಿತು, ಆಮೇಲಿನದು ಆ ಹಣ ಯಾವಾಗ ಬರುತ್ತದೆಂಬ ಕಾಯುವಿಕೆ. ತುಂಗೆಯಿಂದ ಭದ್ರೆಗೆ, ಭದ್ರೆಯಿಂದ ಅಜ್ಜಂಪುರದ ಸುರಂಗ ದಾಟಿ ಬರಬೇಕಾದ ನೀರಿಗೆ ಅರ್ಜಿ ಸಲ್ಲಿಸುವವರು ಇವತ್ತೂ ಇದ್ದಾರೆ. ಗಂಗಮ್ಮನ ಜಾಗಕ್ಕೆ ನೀರಾವರಿ ನಿಗಮ ಬಂದಿದೆ, ದೊರೆಯ ಜಾಗಕ್ಕೆ ಮಂತ್ರಿ ಬಂದಿದ್ದಾರೆ. ಮದಗದ ಹಾಡಿನ ಚೌಕಟ್ಟು ಹಾಗೇ ನಿಂತಿದೆ, ಅದರೊಳಗೆ ಹೊಸ ನುಡಿ ಮಾತ್ರ ಸೇರಿಲ್ಲ.

ಆದ್ದರಿಂದ ಬೈಯಬೇಕಾದ್ದು ಕೇಳುಗರನ್ನಲ್ಲ, ಬರೆಯುವವರನ್ನು. ಕಡೂರು, ಅಜ್ಜಂಪುರದಲ್ಲಿ ಈರುಳ್ಳಿ ಕಿತ್ತು ಹೊಲದಲ್ಲಿ ಹರಡಿದ ದಿನವೇ ಬಂದು ಕೊಳೆಸುವ ಮಳೆಗೆ ಒಂದು ಹಾಡನ್ನು ನಾನು ಕೇಳಿಲ್ಲ. ಜೂನಿನಲ್ಲಿ ಕರೆದು ಸೆಪ್ಟೆಂಬರಿನಲ್ಲಿ ಬೈಯಬೇಕಾದ ಒಂದೇ ಮಳೆಯ ಮೇಲಿನ ಹಾಡನ್ನೂ ಕೇಳಿಲ್ಲ. ಸಾವಿರ ಅಡಿ ಕೊರೆದು ದೂಳೆದ್ದ ಕೊಳವೆಬಾವಿಯ ಮುಂದೆ ನಿಂತವನ ಹಾಡೂ ಇಲ್ಲ. ಪ್ರೇಮದ ಹಾಡೇ ಬೇಕೆಂದರೆ ಅದಕ್ಕೂ ಇಲ್ಲಿ ಜಾಗವಿದೆ: ಈ ಸಲ ಬೆಳೆ ಬಂದರೆ ಮದುವೆ ಎಂದು ಮಾತಾಗಿರುವ ಮನೆಗಳು ಪ್ರತಿ ಊರಿನಲ್ಲೂ ಇವೆ. ಆ ಹುಡುಗಿ ಮಳೆಗೂ ಹುಡುಗನಿಗೂ ಒಟ್ಟಿಗೇ ಕಾಯುತ್ತಾಳೆ. ಟೋಕಿಯೊದ ಹಾಡೂ ಕಡೂರಿನ ಅರ್ಜಿಯೂ ಒಂದೇ ಬಾಯಲ್ಲಿ ಕೂಡುವ ಸಂದರ್ಭ ಅದು. ಯಾವ ಪಟ್ಟಿಯೂ ಅವಳನ್ನು ಕಂಡಿಲ್ಲ.

ಗಿಟಾರಿನ ಎಳೆಯೂ ತಗ್ಗಿದ ದನಿಯೂ ನಮ್ಮ ಚಿತ್ರಗೀತೆಗಳಲ್ಲಿ ಈಗಾಗಲೇ ಇವೆ. ಜಪಾನಿನಿಂದ ನಮ್ಮವರು ತರದೆ ಬಿಟ್ಟದ್ದು ಊರಿನ ಹೆಸರು ಹಾಕುವ ಧೈರ್ಯ. ನಾಗಸಾಕಿ ಎಂದರೆ ಉಳಿದ ಊರಿನವರು ಕೇಳಲಿಕ್ಕಿಲ್ಲ ಎಂದು ಆ ತಂಡ ಅಂಜಲಿಲ್ಲ. ಅರ್ಧ ಶತಮಾನ ದಾಟಿ ಕಡಲಾಚೆಗೂ ಆ ಹಾಡು ಕೇಳುತ್ತಿದೆ. ಮದಗದ ಕೆರೆ ಎಂದು ಹಾಡಿದವರೂ ಅಂಜಲಿಲ್ಲ. ಕೆರೆ ನೋಡದವರೂ ಅದನ್ನು ಹಾಡುತ್ತಿದ್ದಾರೆ. ಊರಿನ ಹೆಸರಿನಿಂದ ಹಾಡು ಸಣ್ಣದಾಗುವುದಿಲ್ಲ ಎಂಬುದಕ್ಕೆ ಎರಡು ನಾಡಿನ ಸಾಕ್ಷಿ ನಮ್ಮ ಮುಂದಿದೆ. ಹಿರೇನಲ್ಲೂರಿನ ಹೆಸರು ಹಿಡಿದು, ಇಲ್ಲಿಯ ಗಾಳಿ, ಇಲ್ಲಿಯ ಸಾಲ, ಇಲ್ಲಿಯ ಅಕ್ಟೋಬರ್ ಮಳೆಯನ್ನಿಟ್ಟು ಯಾರಾದರೂ ಒಂದು ಹಾಡು ಬರೆಯಲಿ. ಒಸಾಕಾದವರು ಮಾತು ಅರ್ಥವಾಗದೆಯೇ ಅದನ್ನು ಕೇಳಲಿ. ಆಗ ಲೆಕ್ಕ ಸಮ.